ಅರ್ಧ ಕಣ್ಣು ಏನನ್ನು ನೋಡುತ್ತದೆ?

ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಪಾಠವಿತ್ತು. 2023ರ ಮುದ್ರಣದಲ್ಲಿ ಅದು ಬರೀ ‘ಅನುವಂಶೀಯತೆ’ ಆಯಿತು. ಡಾರ್ವಿನ್ ಪಠ್ಯದಿಂದ ಹೊರಬಿದ್ದ ಎಂದು ದೇಶದಾದ್ಯಂತ ಗದ್ದಲವೆದ್ದಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಆ ಗದ್ದಲದಲ್ಲಿ ಹೆಚ್ಚು ಮಾತಿಗೆ ಬಾರದೆ ಉಳಿದ ಸಂಗತಿಯೊಂದಿದೆ. ಕೈಬಿಟ್ಟ ಪುಟಗಳಲ್ಲಿ ಕಣ್ಣಿನ ಹುಟ್ಟಿನ ಬಗ್ಗೆಯೇ ಒಂದು ಭಾಗವಿತ್ತು. ಕಣ್ಣಿನಷ್ಟು ಜಟಿಲವಾದ ಅಂಗ ಡಿಎನ್‌ಎಯ ಒಂದೇ ಬದಲಾವಣೆಯಿಂದ ಹುಟ್ಟಲಾರದು, ಸ್ವಲ್ಪ ಸ್ವಲ್ಪವಾಗಿಯೇ ಆಗಿರಬೇಕು. ಹಾಗಿದ್ದರೆ ನಡುವಿನ ಹಂತಗಳಿಂದ ಜೀವಿಗೆ ಏನು ಲಾಭ ಎಂದು ಪುಸ್ತಕವೇ ಕೇಳುತ್ತಿತ್ತು. ಉತ್ತರವಾಗಿ ಪ್ಲನೇರಿಯಾ ಎಂಬ ಚಪ್ಪಟೆ ಹುಳುವನ್ನು ತೋರಿಸುತ್ತಿತ್ತು. ತಲೆಯ ಮೇಲೆ ಬೆಳಕು ಗುರುತಿಸುವ ಎರಡು ಚುಕ್ಕಿಗಳಷ್ಟೇ ಅದರ ಕಣ್ಣು, ಅಷ್ಟೇ ಅದರ ಬದುಕಿಗೆ ಉಪಯೋಗ.

ವಿಕಾಸವನ್ನು ಒಪ್ಪದವರು ಎರಡು ಶತಮಾನಗಳಿಂದ ಎತ್ತುತ್ತ ಬಂದಿರುವ ಪ್ರಶ್ನೆಯನ್ನು ಹದಿನೈದರ ವಯಸ್ಸಿನಲ್ಲೇ ಮಕ್ಕಳ ಮುಂದಿಟ್ಟು, ಉತ್ತರ ಹುಡುಕುವ ದಾರಿಯನ್ನೂ ಕೊಟ್ಟಿದ್ದ ಪುಟಗಳು ಅವು. ಅದೇ ಪುಸ್ತಕದಲ್ಲಿ ಕಣ್ಣಿನ ಮೇಲಿನ ಇನ್ನೊಂದು ಪಾಠ, ಭೌತಶಾಸ್ತ್ರದ್ದು, ಉಳಿದುಕೊಂಡಿದೆ. ಕಾರ್ನಿಯಾ, ಪಾಪೆ, ಮಸೂರ, ರೆಟಿನಾ, 25 ಸೆಂ.ಮೀ.ನ ಸಮೀಪ ಬಿಂದು, ಸಮೀಪದೃಷ್ಟಿಗೆ ನಿಮ್ನ ಮಸೂರ, ಎಲ್ಲವೂ ಅಲ್ಲಿದೆ. ಕಣ್ಣು ಕ್ಯಾಮೆರಾ ಇದ್ದ ಹಾಗೆ ಎಂಬ ಹೋಲಿಕೆಯೂ ಇದೆ. ಕ್ಯಾಮೆರಾ ಎಂದ ಕೂಡಲೇ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಪ್ರಶ್ನೆ ಹುಟ್ಟಿಸುವ ಪಾಠವನ್ನು ಇಟ್ಟುಕೊಂಡು ಉತ್ತರದ ಪಾಠವನ್ನು ತೆಗೆದದ್ದು ಈ ಪರಿಷ್ಕರಣೆಯ ದೊಡ್ಡ ಕೊರತೆ ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದೆವು, ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದ್ದೇ ಇದೆ ಎಂಬುದು ಅಧಿಕೃತ ವಿವರಣೆ. ಪಾಠ ಅಲ್ಲಿರುವುದು ನಿಜ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ ಹಿಡಿದವರಿಗೆ, ವಿಜ್ಞಾನ ತೆಗೆದುಕೊಂಡೂ ಜೀವಶಾಸ್ತ್ರ ಬಿಟ್ಟವರಿಗೆ ಅದು ಸಿಗುವುದಿಲ್ಲ.

ಮಹಾರಾಷ್ಟ್ರದ ಕನ್ನಡಿಗರ ಮನೆಗಳಲ್ಲಿ ಇದರಿಂದ ವಿಚಿತ್ರ ಸ್ಥಿತಿ ಉಂಟಾಗಿದೆ. ರಾಜ್ಯ ಮಂಡಳಿಯ ಹತ್ತನೇ ತರಗತಿಗೆ ಪುಣೆಯ ಬಾಲಭಾರತಿ 2018ರಲ್ಲಿ ತಂದ ವಿಜ್ಞಾನ ಮತ್ತು ತಂತ್ರಜ್ಞಾನ ಭಾಗ 2ರ ಮೊದಲ ಪಾಠವೇ ಅನುವಂಶೀಯತೆ ಮತ್ತು ವಿಕಾಸದ್ದು. ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕನ್ನಡದಲ್ಲೇ ಓದುತ್ತಾರೆ. ಹಾಗಾಗಿ ಮುಂಬಯಿಯ ಕನ್ನಡ ಶಾಲೆಯಲ್ಲಿ ಎಸ್‌ಎಸ್‌ಸಿಗೆ ಕೂರುವ ಅಕ್ಕನ ಮಗನಿಗೆ ಡಾರ್ವಿನ್ ಗೊತ್ತು. ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸದ ಅಪ್ಪ ಅಮ್ಮ ಎನ್‌ಸಿಇಆರ್‌ಟಿ ಪುಸ್ತಕ ನಡೆಯುವ ಸಿಬಿಎಸ್‌ಇ ಶಾಲೆಗೆ ಸೇರಿಸಿರುವ ತಂಗಿಯ ಮಗಳಿಗೆ ಶಾಲೆಯಿಂದ ಗೊತ್ತಾಗುವ ಖಾತ್ರಿಯಿಲ್ಲ. ಗಣಪತಿ ಹಬ್ಬಕ್ಕೆ ಇಬ್ಬರೂ ಒಂದೇ ಮನೆಯಲ್ಲಿ ಸೇರಿದಾಗ ‘ಮಾವ, ಕಣ್ಣು ತಾನಾಗೇ ಆಯ್ತಾ?’ ಎಂದು ಕೇಳಿದರೆ ದೊಡ್ಡವರ ಬಳಿ ಏನಾದರೂ ಇರಬೇಕಲ್ಲ.

ವಾದದ ಮೂಲ

ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಈ ವಾದವನ್ನು ಅಚ್ಚುಕಟ್ಟಾಗಿ ಕಟ್ಟಿದ. ಬಯಲಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನು ಇದ್ದಾನೆಂದು ಊಹಿಸುತ್ತೇವೆ. ಕಣ್ಣು ದೂರದರ್ಶಕದ ಹಾಗೆ ಬೆಳಕನ್ನು ಬಾಗಿಸಿ ಬಿಂಬ ಮೂಡಿಸುತ್ತದೆ, ಆದ್ದರಿಂದ ಅದಕ್ಕೂ ಕರ್ತೃ ಬೇಕು ಎಂದ. ವಿದ್ಯಾರ್ಥಿಯಾಗಿದ್ದಾಗ ಡಾರ್ವಿನ್ ಪೇಲಿಯನ್ನು ಓದಿ ಮೆಚ್ಚಿದ್ದವನೇ.

1859ರಲ್ಲಿ ತನ್ನ ಸಿದ್ಧಾಂತದ ಕಷ್ಟಗಳಿಗೇ ಮೀಸಲಿಟ್ಟ ಅಧ್ಯಾಯದಲ್ಲಿ ಡಾರ್ವಿನ್ ಕಣ್ಣನ್ನು ಎತ್ತಿಕೊಂಡ. ಇಷ್ಟು ಸೂಕ್ಷ್ಮ ಏರ್ಪಾಡುಗಳಿರುವ ಕಣ್ಣು ನೈಸರ್ಗಿಕ ಆಯ್ಕೆಯಿಂದ ಆಯಿತು ಎನ್ನುವುದು ಮೇಲ್ನೋಟಕ್ಕೆ ಅತ್ಯಂತ ಅಸಂಬದ್ಧವಾಗಿ ಕಾಣುತ್ತದೆ ಎಂದು ಬರೆದ. ವಾಟ್ಸಾಪ್‌ನಲ್ಲಿ ಓಡಾಡುವ ‘ಡಾರ್ವಿನ್ನೇ ಒಪ್ಪಿಕೊಂಡಿದ್ದ’ ಎಂಬ ಸಂದೇಶ ಇಲ್ಲಿಗೇ ನಿಲ್ಲುತ್ತದೆ. ಡಾರ್ವಿನ್ ನಿಲ್ಲಲಿಲ್ಲ. ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗೆ ಹಂತಗಳಿವೆಯೆಂದೂ, ಪ್ರತಿ ಹಂತವೂ ಆ ಜೀವಿಗೆ ಉಪಯುಕ್ತವೆಂದೂ, ವ್ಯತ್ಯಾಸಗಳು ಮರಿಗಳಿಗೆ ದಾಟುತ್ತವೆಯೆಂದೂ ತೋರಿಸಬಹುದಾದರೆ ಕಷ್ಟ ಕಲ್ಪನೆಗೆ ಮಾತ್ರ, ಸಿದ್ಧಾಂತಕ್ಕಲ್ಲ ಎಂದು ಮುಂದಿನ ವಾಕ್ಯದಲ್ಲೇ ಹೇಳಿದ. ತೋರಿಸಬೇಕಾದ ಮೂರು ಸಂಗತಿಗಳನ್ನೂ ಅವನೇ ಹೀಗೆ ಹೆಸರಿಸಿಬಿಟ್ಟ. ಅಲ್ಲಿಂದೀಚಿನ ಸಂಶೋಧನೆಯನ್ನು ಈ ಮೂರರ ಮೇಲೆ ಅಳೆದು ನೋಡಬಹುದು.

‘ಅರ್ಧ ಕಣ್ಣಿನಿಂದ ಏನು ಪ್ರಯೋಜನ’ ಎನ್ನುವವರ ಮನಸ್ಸಿನಲ್ಲಿ ಈಗಿನ ಕಣ್ಣನ್ನು ಎರಡು ಹೋಳು ಮಾಡಿದ ಚಿತ್ರ ಇರುತ್ತದೆ. ಮಸೂರ ಕಿತ್ತರೆ ಸ್ಪಷ್ಟವಾಗಿ ಕಾಣಿಸುವುದಿಲ್ಲ, ರೆಟಿನಾ ಕಿತ್ತರೆ ಏನೂ ಕಾಣಿಸುವುದಿಲ್ಲ ಎನ್ನುವುದು ಸರಿಯೇ. ಆದರೆ ವಿಕಾಸ ಹೇಳುವ ಅರ್ಧ ಅದಲ್ಲ. ಮುಂಬಯಿಯ ಗಿರಣಗಾಂವ್‌ನ ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದವರು ಮೊದಲು ಮೋರಿ, ಆಮೇಲೆ ಅಟ್ಟ, ಆಮೇಲೆ ಅಡಿಗೆಗೆ ಒಂದು ಅಡ್ಡಗೋಡೆ ಎಂದು ಸೇರಿಸುತ್ತ ಹೋಗುವಾಗ ಒಂದು ದಿನವೂ ಮನೆ ಖಾಲಿ ಮಾಡಿರುವುದಿಲ್ಲ. ಕಣ್ಣಿನ ಪ್ರತಿ ಹಂತವೂ ಹೀಗೆ ಆ ಕಾಲಕ್ಕೆ ಪೂರ್ತಿ ಬಳಕೆಯಲ್ಲಿದ್ದ ಕಣ್ಣು.

ಒಂದೇ ಬಂಡೆಯ ಮೇಲೆ ಎರಡು ಹಂತ

ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಡಾನ್ ಎರಿಕ್ ನಿಲ್ಸನ್ ಕಣ್ಣಿನಿಂದ ಆಗುವ ಕೆಲಸವನ್ನೇ ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಕಣ್ಣಿನ ರಚನೆ ನೋಡುವುದಕ್ಕಿಂತ ಹೀಗೆ ನೋಡುವುದು ಹೆಚ್ಚು ಸ್ಪಷ್ಟ. ಮೊದಲನೆಯದು, ಬೆಳಕಿದೆಯೋ ಇಲ್ಲವೋ ಎಂದಷ್ಟೇ ತಿಳಿಯುವುದು. ಹಗಲು ರಾತ್ರಿಯ ಲೆಕ್ಕಕ್ಕೆ, ನೀರಿನ ಆಳ ತಿಳಿಯಲು, ಮೇಲೆ ನೆರಳು ಬಿದ್ದಾಗ ಒಳಸರಿಯಲು ಇಷ್ಟು ಸಾಕು. ಬೆಳಕಿಗೆ ಸ್ಪಂದಿಸುವ ಕೋಶದ ಒಂದು ಬದಿಗೆ ಕಪ್ಪು ವರ್ಣದ್ರವ್ಯ ಸೇರಿದರೆ ಬೆಳಕು ಯಾವ ದಿಕ್ಕಿನದು ಎಂಬುದು ಗೊತ್ತಾಗುತ್ತದೆ, ಇದು ಎರಡನೆಯದು. ಪ್ಲನೇರಿಯಾ ಇಲ್ಲಿದೆ. ಅಂಥ ಹಲವು ಕೋಶಗಳು ಒಂದು ಗುಳಿಯೊಳಗೆ ಕೂತರೆ ಒಂದೊಂದೂ ಒಂದೊಂದು ದಿಕ್ಕಿಗೆ ಮುಖಮಾಡಿ ಒರಟಾದ ಚಿತ್ರ ಸಿಗುತ್ತದೆ, ಇದು ಮೂರನೆಯದು. ನಾಲ್ಕನೆಯದು ಬೇಟೆಯನ್ನೂ ವೈರಿಯನ್ನೂ ಗುರುತಿಸುವಷ್ಟು ಸ್ಪಷ್ಟ ನೋಟ. ಮಸೂರ ತೀರಾ ಅಗತ್ಯವಾಗುವುದು ಇಲ್ಲಿ ಮಾತ್ರ.

ಇದನ್ನು ನೋಡಲು ಮ್ಯೂಸಿಯಂ ಬೇಡ. ಮುಂಬಯಿಯ ಹಾಜಿ ಅಲಿ, ಕಾರ್ಟರ್ ರೋಡ್, ಗೋವೆಯ ಅಂಜುಣಾ ಮುಂತಾದ ಕಲ್ಲುತೀರಗಳಲ್ಲಿ ಇಳಿತದ ಹೊತ್ತಿಗೆ ಬಂಡೆಗಳು ಹೊರಬರುತ್ತವೆ. ಟೋಪಿಯ ಆಕಾರದ ಚಿಪ್ಪಿನಡಿ ಬಂಡೆಗೆ ಅಂಟಿಕೊಂಡಿರುವುದು ಲಿಂಪೆಟ್. ಈ ಬಳಗದ ಕಣ್ಣು ಮಸೂರವಿಲ್ಲದ, ಮೇಲೆ ಮುಚ್ಚಳವಿಲ್ಲದ ತೆರೆದ ಗುಳಿ. ಅದೇ ಬಂಡೆಯ ಮೇಲ್ಭಾಗದ ಸೀಳುಗಳಲ್ಲಿ ಪುಟ್ಟ ಸುರುಳಿ ಚಿಪ್ಪಿನ ಲಿಟ್ಟೊರಿನಾ ಬಳಗದ ಬಸವನಹುಳುಗಳಿರುತ್ತವೆ. ಅವುಗಳ ಕಣ್ಣು ಮುಚ್ಚಿದ ಗೋಳ, ಒಳಗೆ ದುಂಡು ಮಸೂರ. ಎರಡೂ ಉದರಪಾದಿಗಳೇ, ಎರಡೂ ಆರಾಮವಾಗಿ ಬದುಕಿವೆ. ಮೀನು ಮಾರುಕಟ್ಟೆಯಲ್ಲಿ ಸಿಗುವ ಬೊಂಡಾಸ್ (ಸ್ಕ್ವಿಡ್) ಇವುಗಳ ದೂರದ ನೆಂಟ, ಅದೂ ಮೃದ್ವಂಗಿಯೇ. ಅದರದು ಪೂರ್ತಿ ಕ್ಯಾಮೆರಾ ಕಣ್ಣು. ಗುಳಿಗೂ ಮಸೂರಕ್ಕೂ ನಡುವಿನ ಹಂತ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ಆಳದ ನಾಟಿಲಸ್‌ನಲ್ಲಿದೆ: ಸುಮಾರು 1 ಸೆಂ.ಮೀ. ಗಾತ್ರದ, ಸಣ್ಣ ತೂತಿನ, ಮಸೂರವಿಲ್ಲದ ಕಣ್ಣು. ತೂತು ಸಣ್ಣದಾದರೆ ಚಿತ್ರ ಚೊಕ್ಕ ಆದರೆ ಕತ್ತಲೆ, ದೊಡ್ಡದಾದರೆ ಬೆಳಕು ಜಾಸ್ತಿ ಆದರೆ ಮಸುಕು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಮಸೂರ.

ಒಂದು ಎಚ್ಚರಿಕೆ. ಲಿಂಪೆಟ್, ನಾಟಿಲಸ್ ಯಾವುದೂ ನಮ್ಮ ಪೂರ್ವಜರಲ್ಲ, ಬೊಂಡಾಸ್‌ನ ಪೂರ್ವಜರೂ ಅಲ್ಲ. ಇವೆಲ್ಲ ಇಂದಿನ ಜೀವಿಗಳು. ಮಧ್ಯದ ಹಂತ ಉಪಯುಕ್ತ ಎಂಬುದನ್ನು ಇವು ರುಜುವಾತು ಮಾಡುತ್ತವೆ, ವಂಶಾವಳಿಯನ್ನಲ್ಲ. ವಿಕಾಸದ ಪರ ಮಾತಾಡುವವರು ಈ ಎರಡನ್ನು ಕಲಸಿಬಿಡುವುದು ಸಾಮಾನ್ಯ, ಎದುರಿನವರು ಅಲ್ಲೇ ಹಿಡಿಯುತ್ತಾರೆ.

ಎಲ್ಲ ಭಾಗಗಳೂ ಒಂದಕ್ಕೊಂದು ಸರಿಯಾಗಿ ಹೊಂದಿದರೆ ಮಾತ್ರ ಕಣ್ಣು ಕೆಲಸ ಮಾಡುತ್ತದೆ ಎಂಬ ವಾದಕ್ಕೆ ನೇರ ಉತ್ತರ ಟ್ರಿಪಿಡೇಲಿಯಾ ಎಂಬ ಪೆಟ್ಟಿಗೆ ಲೋಳೆಮೀನು. ಕೆರಿಬಿಯನ್ ಮ್ಯಾಂಗ್ರೋವ್‌ಗಳ ಬೇರುಗಳ ನಡುವೆ ವಾಸ, ಒಟ್ಟು 24 ಕಣ್ಣು. ಅವುಗಳಲ್ಲಿ 8ಕ್ಕೆ ಒಳ್ಳೆಯ ಮಸೂರವಿದೆ. ಆದರೆ ಮಸೂರ ಬೆಳಕನ್ನು ಕೂಡಿಸುವ ಜಾಗ ರೆಟಿನಾದ ಆಚೆಗೆ ಬೀಳುತ್ತದೆ, ಚಿತ್ರ ಸದಾ ಮಸುಕು. ಕನ್ನಡಕದ ಅಂಗಡಿಯಲ್ಲಾದರೆ ತಿದ್ದಬೇಕಾದ ದೋಷ. ಆ ಪ್ರಾಣಿಗೆ ತೇಲುವ ಸಣ್ಣ ಕಸ ಕಾಣಬೇಕಿಲ್ಲ. ಬೇರುಗಳು, ನೀರಿನ ಮೇಲಿನ ಮರಗಳ ಅಂಚು ಕಂಡರೆ ಸಾಕು. ಅದಕ್ಕೆ ಮಸುಕು ನೋಟ ಸಾಕಾಗುತ್ತದೆ.

3,64,000 ತಲೆಮಾರು

ನಿಲ್ಸನ್ ಮತ್ತು ಸುಸಾನ್ ಪೆಲ್ಗರ್ 1994ರಲ್ಲಿ ಮಾಡಿದ ಲೆಕ್ಕ ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ, ವಿಕಾಸದ ಪರ ಇರುವವರೇ ಅದನ್ನು ಹಲವು ಸಲ ತಪ್ಪಾಗಿ ಹೇಳುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ. ಅವರು ಶುರು ಮಾಡಿದ್ದು ಮೂರು ಪದರದ ಚಪ್ಪಟೆ ತೇಪೆಯಿಂದ: ಮೇಲೆ ಪಾರದರ್ಶಕ ಪದರ, ನಡುವೆ ಬೆಳಕು ಗ್ರಹಿಸುವ ಕೋಶಗಳು, ಕೆಳಗೆ ಕಪ್ಪು ಪದರ. ಆಕಾರದಲ್ಲಿ ಒಂದು ಬಾರಿಗೆ 1 ಶೇಕಡಾ ಬದಲಾವಣೆ. ಅದೂ ನೋಟದ ಸ್ಪಷ್ಟತೆ ಹೆಚ್ಚಿದರೆ ಮಾತ್ರ. ಯಾವುದಾದರೂ ಅಳತೆ ಎರಡು ಪಟ್ಟಾಗಲು ಇಂಥ 70 ಹೆಜ್ಜೆ ಬೇಕು. ತೇಪೆ ಗುಳಿಯಾಗಿ, ಗುಳಿ ಆಳವಾಗಿ, ಬಾಯಿ ಕಿರಿದಾಗಿ, ಒಳಗಿನ ಲೋಳೆಯ ನಡುಭಾಗ ಸಾಂದ್ರವಾಗಿ ಮಸೂರವಾಗಲು 1,829 ಹೆಜ್ಜೆ ಸಾಕಾದವು. ಮೀನಿನ ಕಣ್ಣಿನಲ್ಲಿ ಕಾಣುವಂತೆ, ನಾಭಿದೂರ ತ್ರಿಜ್ಯದ 2.55 ಪಟ್ಟು ಆಗುವಲ್ಲಿಗೆ ಲೆಕ್ಕ ಮುಗಿಯುತ್ತದೆ.

ಇನ್ನು ಕಾಲ. ಒಂದು ತಲೆಮಾರಿಗೆ ಕೇವಲ 0.005 ಶೇಕಡಾ ಬದಲಾವಣೆ ಎಂದು ಜಿಪುಣತನದಿಂದ ಹಿಡಿದರು. 1.01ನ್ನು 1,829 ಸಲ ಗುಣಿಸಿದರೆ ಸುಮಾರು 8 ಕೋಟಿ ಪಟ್ಟು, 1.00005ನ್ನು ಗುಣಿಸುತ್ತ ಅಲ್ಲಿಗೆ ಮುಟ್ಟಲು 3,64,000ಕ್ಕಿಂತ ತುಸು ಕಡಿಮೆ ತಲೆಮಾರು. ವರ್ಷಕ್ಕೊಂದು ತಲೆಮಾರಿನ ಸಣ್ಣ ಕಡಲಜೀವಿಗೆ ಇದು ಐದು ಲಕ್ಷ ವರ್ಷಕ್ಕೂ ಒಳಗೆ. ಈಗ ಅಳಿದುಹೋಗಿರುವ, ಕಣ್ಣುಳ್ಳ ಕಡಲಜೀವಿ ಟ್ರೈಲೊಬೈಟ್‌ಗಳ ಪಳೆಯುಳಿಕೆ 52 ಕೋಟಿ ವರ್ಷಗಳಷ್ಟು ಹಿಂದಿನವು. ಕಾಲ ಸಾಲದು ಎಂಬ ಆಕ್ಷೇಪ ಇಲ್ಲಿಗೆ ಬಿದ್ದುಹೋಗುತ್ತದೆ.

ಇದು ಕಂಪ್ಯೂಟರ್‌ನಲ್ಲಿ ಕಣ್ಣು ಬೆಳೆಸಿದ ಪ್ರಯೋಗ ಎಂದು ವಿಕಾಸದ ಸಮರ್ಥಕರು ಬಹಳ ಕಡೆ ಬರೆದರು. ಅಲ್ಲ, ಇದು ಕಾಗದದ ಮೇಲಿನ ಅಂದಾಜು. ಬೆಳಕು ಗ್ರಹಿಸುವ ಕೋಶ ಮೊದಲೇ ಇದೆ ಎಂದು ಹಿಡಿದ ಲೆಕ್ಕ, ನರ, ಸ್ನಾಯು, ರೆಪ್ಪೆಗಳ ಲೆಕ್ಕ ಅದರಲ್ಲಿಲ್ಲ. ವಿರೋಧಿಗಳು ಇದನ್ನು ಎತ್ತಿ ತೋರಿಸಿದ್ದು ನ್ಯಾಯವೇ. ಕಣ್ಣಿನ ಆಕಾರದ ಮಟ್ಟಿಗೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ, ಕೋಶದ ಒಳಗಿನ ಪ್ರಶ್ನೆಗೆ ಬೇರೆ ಸಾಕ್ಷ್ಯ ಬೇಕು.

ಬಂಗುಡೆಯ ಕಣ್ಣಿನ ಬಿಳಿ ಗೋಲಿ

ಮೀನಿನ ಸಾರು ಉಂಡವರಿಗೆ ತಲೆಯ ತುಂಡಿನಲ್ಲಿ ಸಿಗುವ ಗಟ್ಟಿ ಬಿಳಿ ಗೋಲಿ ಗೊತ್ತು. ಅದೇ ಮಸೂರ. ಹಸಿಯಾಗಿದ್ದಾಗ ಅದು ನೀರಿನಷ್ಟೇ ತಿಳಿ. ತಾಜಾ ಬಂಗುಡೆಯ ಕಣ್ಣಿನ ಅಂಚಿನಲ್ಲಿ ಚೂಪಾದ ಚೂರಿಯಿಂದ ಸಣ್ಣದಾಗಿ ಸೀಳಿ, ಹಿಂದಿನಿಂದ ಮೆಲ್ಲಗೆ ಒತ್ತಿದರೆ ಹೊರಜಾರುತ್ತದೆ. ತೊಳೆದು, ತಟ್ಟೆಯ ತೆಳು ನೀರಿನಲ್ಲಿ, ಪ್ಲಾಸ್ಟಿಕ್ ಹೊದಿಸಿದ ಅಚ್ಚಿನ ಅಕ್ಷರದ ಮೇಲೆ ಇಟ್ಟರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಹೆಪ್ಪುಗಟ್ಟಿಸಿ ತಂದ ಮೀನಾದರೆ ಮಸೂರ ಆಗಲೇ ಹಾಲಾಗಿರುತ್ತದೆ, ಚೂರಿ ತಾಗಿದರೆ ಮೇಲ್ಪದರ ಸುಲಿದು ಚಿತ್ರ ಕೆಡುತ್ತದೆ. ನೋಡಿ ಮುಗಿದ ಮೇಲೆ ಕುದಿಯುವ ನೀರಿಗೆ ಹಾಕಿದರೆ ಬೇಗನೆ ಬಿಳಿಯಾಗುತ್ತದೆ, ಏಕೆಂದರೆ ಅದು ಬಹುಪಾಲು ಪ್ರೋಟೀನ್. ವಯಸ್ಸಾದವರ ಕಣ್ಣಿಗೆ ಪೊರೆ ಬರುವುದೂ ಮಸೂರದ ಪ್ರೋಟೀನ್ ಗಂಟುಗಟ್ಟುವುದರಿಂದಲೇ, ಆದರೆ ದಶಕಗಳ ನಿಧಾನದಲ್ಲಿ.

ಈ ಪ್ರೋಟೀನ್‌ಗಳಿಗೆ ಕ್ರಿಸ್ಟಲಿನ್ ಎಂದು ಹೆಸರು. ಅವು ಎಲ್ಲಿಂದ ಬಂದವು ಎಂದು ಹುಡುಕಿದಾಗ ಸಿಕ್ಕದ್ದು ನಮ್ಮ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ಅತಿ ಬಲವಾದ ಸಾಕ್ಷ್ಯ. ನಮ್ಮ ಮಸೂರದ ಆಲ್ಫಾ ಕ್ರಿಸ್ಟಲಿನ್, ಬಿಸಿಯ ಒತ್ತಡದಿಂದ ಕೋಶವನ್ನು ಕಾಪಾಡುವ ಪ್ರೋಟೀನ್‌ಗಳ ಕುಟುಂಬದ್ದು. ಬಾತುಕೋಳಿಯ ಮಸೂರದಲ್ಲಿ ಹೇರಳವಾಗಿರುವ ಎಪ್ಸಿಲಾನ್ ಕ್ರಿಸ್ಟಲಿನ್ ಎಂದರೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಅದೇ ಜೀನ್, ಅದೇ ಪ್ರೋಟೀನ್, ಬೇರೆ ಅಂಗಾಂಶದಲ್ಲಿ ಕಿಣ್ವವಾಗಿ ದುಡಿಯುತ್ತದೆ. ಬೊಂಡಾಸ್‌ನ ಮಸೂರಕ್ಕೆ ಬಳಕೆಯಾಗಿರುವುದು ವಿಷ ತೆಗೆಯುವ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಕಿಣ್ವದ ಕುಟುಂಬ. ಮಸೂರಕ್ಕೆ ಬೇಕಾದದ್ದು ನೀರಿನಲ್ಲಿ ಚೆನ್ನಾಗಿ ಕರಗುವ, ಒತ್ತೊತ್ತಾಗಿ ತುಂಬಿದರೂ ಗಂಟುಗಟ್ಟದ ಪ್ರೋಟೀನ್. ಪ್ರತಿ ವಂಶವೂ ತನ್ನ ಕೋಶದೊಳಗೆ ಆಗಲೇ ಇದ್ದುದನ್ನು ಈ ಕೆಲಸಕ್ಕೆ ಹಚ್ಚಿದೆ. ಒಂದೇ ಕೈ ಒಂದೇ ನಕ್ಷೆಯಿಂದ ಎಲ್ಲ ಕಣ್ಣುಗಳನ್ನೂ ಮಾಡಿದ್ದರೆ ಸಾಮಗ್ರಿ ವಂಶದಿಂದ ವಂಶಕ್ಕೆ ಹೀಗೆ ಬದಲಾಗಲು ಕಾರಣವಿಲ್ಲ. ಹಿಂದಿನ ತಲೆಮಾರಿನಲ್ಲಿ ಇದ್ದುದನ್ನೇ ಬಳಸಬೇಕಾದ ಪ್ರಕ್ರಿಯೆಗೆ ಬೇರೆ ದಾರಿಯೂ ಇಲ್ಲ.

1996ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ ವಾದವನ್ನು ಕೋಶದೊಳಕ್ಕೆ ಒಯ್ದರು. ಬೆಳಕು ಬಿದ್ದಾಗ ರೆಟಿನಾಲ್ ಅಣುವಿನ ಆಕಾರ ಬದಲಾಗುತ್ತದೆ, ಅದನ್ನು ಹಿಡಿದಿರುವ ಆಪ್ಸಿನ್ ಎಚ್ಚರಗೊಂಡು ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಹೀಗೆ ಸರಣಿ ಮುಂದುವರಿದು ನರಕ್ಕೆ ಸಂಕೇತ ಹೋಗುತ್ತದೆ. ಕೊಂಡಿ ಒಂದು ತಪ್ಪಿದರೂ ಎಲ್ಲ ನಿಲ್ಲುತ್ತದೆ ಎಂದರು. ಆದರೆ ಆಪ್ಸಿನ್ ಕಣ್ಣಿಗೆಂದೇ ಹುಟ್ಟಿದ್ದಲ್ಲ. ವಾಸನೆ ಹಿಡಿಯುವ, ಹಾರ್ಮೋನುಗಳಿಗೆ ಸ್ಪಂದಿಸುವ ದೊಡ್ಡ ಗ್ರಾಹಕ ಕುಟುಂಬದ ಸದಸ್ಯ ಅದು. ಕಣ್ಣೇ ಇಲ್ಲದ ಯೀಸ್ಟ್ ಕೂಡ ಜೊತೆಗಾರನನ್ನು ಗುರುತಿಸಲು ಆ ಕುಟುಂಬದ ಗ್ರಾಹಕವನ್ನು ಬಳಸುತ್ತದೆ. ಸರಣಿ ಮೊದಲೇ ಇತ್ತು, ಬೆಳಕು ಅದಕ್ಕೆ ಆಮೇಲೆ ಜೋಡಣೆಯಾಯಿತು. ಪಠ್ಯ ಬದಲಾದ 2023ರಲ್ಲೇ ಇನ್ನೊಂದು ಸಂಶೋಧನೆ ಪ್ರಕಟವಾಯಿತು: ರೆಟಿನಾದಲ್ಲಿ ರೆಟಿನಾಲ್ ಸಾಗಿಸುವ ಐಆರ್‌ಬಿಪಿ ಎಂಬ ಪ್ರೋಟೀನಿನ ಜೀನ್, 50 ಕೋಟಿ ವರ್ಷಕ್ಕೂ ಹಿಂದೆ ಬ್ಯಾಕ್ಟೀರಿಯಾದಿಂದ ಕಶೇರುಕಗಳ ಪೂರ್ವಜರಿಗೆ ದಾಟಿ ಬಂದದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಜೀವಿಗಳ ಹಿಂದೆ ಬುದ್ಧಿವಂತ ಕರ್ತೃವಿದ್ದಾನೆ ಎನ್ನುವ ‘ಬುದ್ಧಿವಂತ ವಿನ್ಯಾಸ’ವನ್ನು ಶಾಲೆಗೆ ತರುವ ಪ್ರಯತ್ನ ನ್ಯಾಯಾಲಯಕ್ಕೆ ಹೋಗಿ, ಬೀಹಿ ಅವರ ಸಾಕ್ಷ್ಯವನ್ನೂ ಕೇಳಿದ ಮೇಲೆ, ಅದು ವಿಜ್ಞಾನವಲ್ಲ ಎಂದು 2005ರ ಡಿಸೆಂಬರ್‌ನಲ್ಲಿ ತೀರ್ಪಾಯಿತು.

ಜೀನ್‌ಗಳಿಗೆ ಹೊಸ ಮಾಹಿತಿ ಎಲ್ಲಿಂದ ಬರುತ್ತದೆ ಎಂದು ವಿರೋಧಿಗಳು ಕೇಳುವ ಪ್ರಶ್ನೆಗೆ ಉತ್ತರ ನಮ್ಮ ಎಕ್ಸ್ ವರ್ಣತಂತುವಿನಲ್ಲಿದೆ. ಕೆಂಪು ಮತ್ತು ಹಸಿರು ಗ್ರಹಿಸುವ ಆಪ್ಸಿನ್ ಜೀನ್‌ಗಳು ಅಕ್ಕಪಕ್ಕದಲ್ಲಿವೆ, ಹೆಚ್ಚುಕಡಿಮೆ ಒಂದೇ ರೀತಿ ಇವೆ; ಒಂದರ ನಕಲು ಇನ್ನೊಂದಾಗಿ, ಕೆಲವು ಅಕ್ಷರ ಬದಲಾಗಿ ಬೇರೆ ಬಣ್ಣಕ್ಕೆ ಹೊಂದಿಕೊಂಡಿತು. ಅಷ್ಟು ಹೋಲುವುದರಿಂದಲೇ ವರ್ಣತಂತುಗಳು ತುಂಡು ಬದಲಿಸಿಕೊಳ್ಳುವಾಗ ಇವು ತಪ್ಪಾಗಿ ಜೋಡಿಯಾಗುತ್ತವೆ, ಒಂದು ಬಿಟ್ಟುಹೋಗುತ್ತದೆ. ಕೆಂಪು ಹಸಿರು ಬಣ್ಣಗುರುಡು ಗಂಡಸರಲ್ಲೇ ಹೆಚ್ಚಿರುವುದು ಅವರಿಗೆ ಎಕ್ಸ್ ಒಂದೇ ಇರುವುದರಿಂದ. ಲೋಕಲ್ ಓಡಿಸುವ ಮೋಟರ್‌ಮನ್ ಕೆಲಸಕ್ಕೆ ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದು ಪರೀಕ್ಷಿಸುವುದಕ್ಕೆ ಹಿಂದಿರುವ ಕಥೆ ಇದು.

1995ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ತಂಡ, ಕಣ್ಣಿನ ಬೆಳವಣಿಗೆಗೆ ಸ್ವಿಚ್‌ನಂತಿರುವ ಇಲಿಯ ಪ್ಯಾಕ್ಸ್6 ಜೀನನ್ನು ಹಣ್ಣುನೊಣದ ಬೇರೆ ಬೇರೆ ಭಾಗಗಳಲ್ಲಿ ಚಾಲೂ ಮಾಡಿದಾಗ ಕಾಲಿನ ಮೇಲೆ, ರೆಕ್ಕೆಯ ಮೇಲೆ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ಅದೇ ಜೀನ್ ಕೆಟ್ಟರೆ ಮನುಷ್ಯರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಇಲ್ಲದ ಅನಿರಿಡಿಯಾ ಎಂಬ ಸ್ಥಿತಿ ಉಂಟಾಗುತ್ತದೆ. ಒಬ್ಬನೇ ವಿನ್ಯಾಸಕಾರ ಒಂದೇ ಸ್ವಿಚ್ ಬಳಸಿದ ಎಂದು ಸೃಷ್ಟಿವಾದಿಗಳು ಹೇಳಬಹುದು, ಹೇಳಿದ್ದಾರೆ ಕೂಡ. ಸ್ವಿಚ್ ಒಂದೇ ಆದರೂ ಸರಿ, ಕ್ರಿಸ್ಟಲಿನ್ ಬೇರೆ ಬೇರೆಯಾದರೂ ಸರಿ, ಎರಡಕ್ಕೂ ಒಂದೇ ಉತ್ತರ ಹೊಂದುತ್ತದೆಂದರೆ ಅದನ್ನು ಪರೀಕ್ಷಿಸುವ ದಾರಿ ಉಳಿಯುವುದಿಲ್ಲ.

ಹಿಂದುಮುಂದಾದ ರೆಟಿನಾ

ಕಾಗದದ ಮೇಲೆ ಎಡಕ್ಕೊಂದು ಕೂಡಿಸುವ ಗುರುತು, ಅದೇ ನೇರಕ್ಕೆ 7 ಸೆಂ.ಮೀ. ಬಲಕ್ಕೊಂದು ಕಪ್ಪು ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಗುರುತನ್ನೇ ನೋಡುತ್ತ ಕಾಗದವನ್ನು ಹತ್ತಿರ ತನ್ನಿ. ಸುಮಾರು 25 ಸೆಂ.ಮೀ. ದೂರದಲ್ಲಿ ಚುಕ್ಕಿ ಮಾಯವಾಗುತ್ತದೆ. ಆಗಲಿಲ್ಲವೆಂದರೆ ಕಣ್ಣು ಚುಕ್ಕಿಯ ಕಡೆ ಜಾರಿದೆ, ಇಲ್ಲವೇ ಕಾಗದ ಓರೆಯಾಗಿದೆ. ನಮ್ಮ ರೆಟಿನಾದಲ್ಲಿ ಬೆಳಕು ಗ್ರಹಿಸುವ ಕೋಶಗಳು ಹಿಂದಕ್ಕೆ ಮುಖಮಾಡಿವೆ, ಅವುಗಳ ನರಗಳು ಮುಂದೆ ಹರಡಿವೆ. ಸುಮಾರು ಹತ್ತು ಲಕ್ಷ ನರತಂತುಗಳು ಕಂತೆಯಾಗಿ ರೆಟಿನಾ ತೂರಿ ಹೊರಹೋಗುವ ಜಾಗವೇ ಈ ಕುರುಡುಚುಕ್ಕೆ. ಆಕ್ಟೋಪಸ್‌ಗೆ, ಬೊಂಡಾಸ್‌ಗೆ ಇದಿಲ್ಲ, ಅವುಗಳ ನರಗಳು ಹಿಂದಿನಿಂದಲೇ ಹೋಗುತ್ತವೆ.

ಇದನ್ನು ತೋರಿಸಿ ‘ಇದು ಕೆಟ್ಟ ವಿನ್ಯಾಸ, ಆದ್ದರಿಂದ ದೇವರಿಲ್ಲ’ ಎನ್ನುವುದು ವಿಜ್ಞಾನದ ಹದ್ದು ಮೀರಿದ ಮಾತು. ದೇವರು ಹೀಗೇ ಮಾಡಬೇಕಿತ್ತು ಎಂದು ಹೇಳಲು ಜೀವಶಾಸ್ತ್ರಕ್ಕೆ ಅಧಿಕಾರವಿಲ್ಲ. ಅಷ್ಟೇ ಅಲ್ಲ, ರೆಟಿನಾದ ಮುಲ್ಲರ್ ಕೋಶಗಳು ಬೆಳಕನ್ನು ನರಪದರಗಳ ಮೂಲಕ ಹಿಂದಕ್ಕೆ ಹಾಯಿಸುತ್ತವೆ ಎಂದು 2007ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ್ದಾರೆ. ಈ ಕಣ್ಣು ಕೆಟ್ಟದ್ದೇನಲ್ಲ. ಕೇಳಬೇಕಾದದ್ದು ಇದು ಹೀಗೇಕಿದೆ ಎಂದು. ಭ್ರೂಣದಲ್ಲಿ ನಮ್ಮ ರೆಟಿನಾ ಮಿದುಳಿನ ಗೋಡೆಯೇ ಹೊರಚಾಚಿ, ಗುಳ್ಳೆಯಾಗಿ, ಮತ್ತೆ ಒಳಗೆ ಮಡಚಿಕೊಂಡು ಎರಡು ಪದರದ ಬಟ್ಟಲಾಗುವುದರಿಂದ ಆದದ್ದು. ಆಕ್ಟೋಪಸ್‌ನದು ಚರ್ಮ ಒಳಮಡಚಿ ಆದದ್ದು. ಮುಖ ಯಾವ ಕಡೆ ಎಂಬುದು ಮಡಿಕೆಯ ಇತಿಹಾಸದಿಂದ ತೀರ್ಮಾನವಾಗಿದೆ.

ಆ ಇತಿಹಾಸಕ್ಕೆ ನಾವು ಬೆಲೆಯನ್ನೂ ತೆರುತ್ತೇವೆ. ಬಟ್ಟಲಿನ ಎರಡು ಪದರಗಳ ನಡುವೆ ಗಟ್ಟಿ ಬೆಸುಗೆಯಿಲ್ಲ. ರೆಟಿನಾ ಕಳಚುವುದು ಎನ್ನುವುದು ಈ ನಡುವಿನ ಜಾಗದಲ್ಲೇ. ಹೆಚ್ಚು ಮೈನಸ್ ಪವರ್ ಇರುವವರಲ್ಲಿ, ಕಣ್ಣಿಗೆ ಏಟು ಬಿದ್ದವರಲ್ಲಿ, ಪೊರೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಅಪಾಯ ಹೆಚ್ಚು. ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಡೆದಂತಾದರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನೋವಿರುವುದಿಲ್ಲವಾದ್ದರಿಂದ ನಾಳೆ ನೋಡೋಣ ಎನಿಸುತ್ತದೆ. ಹಾಗೆ ಕಾದರೆ ನಡುವಿನ ನೋಟವೂ ಹೋಗಬಹುದು.

ವಿಕಾಸದ ಪರವಾಗಿ ಬಳಸಿದ ಉದಾಹರಣೆಯೊಂದು ಕೈಕೊಟ್ಟದ್ದೂ ಇದೆ. ದವಡೆಯಿಲ್ಲದ ಹ್ಯಾಗ್‌ಫಿಶ್‌ನ ಕಣ್ಣಿಗೆ ಮಸೂರವಿಲ್ಲ, ಆದ್ದರಿಂದ ಅದು ಕಶೇರುಕಗಳ ಕಣ್ಣಿನ ಹಳೆಯ ಹಂತ ಎಂದು ಕೆಲವರು ವಾದಿಸಿದ್ದರು. ಸುಮಾರು 30 ಕೋಟಿ ವರ್ಷ ಹಳೆಯ ಪಳೆಯುಳಿಕೆಯಲ್ಲಿ ಅದರ ಬಳಗದ ಕಣ್ಣು ಇಂದಿನದಕ್ಕಿಂತ ಮುಂದುವರಿದಿತ್ತು ಎಂದು 2016ರಲ್ಲಿ ಗೊತ್ತಾಯಿತು. ಅಂದರೆ ಅದು ಕತ್ತಲ ಬದುಕಿನಲ್ಲಿ ಕುಗ್ಗಿದ ಕಣ್ಣು. ಮೆದು ಕಣ್ಣುಗಳು ಪಳೆಯುಳಿಕೆಯಾಗುವುದು ಅಪರೂಪ, ಹಾಗಾಗಿ ಹೆಜ್ಜೆ ಹೆಜ್ಜೆಯ ಕಲ್ಲಿನ ದಾಖಲೆ ನಮ್ಮಲ್ಲಿಲ್ಲ. ಸಾಕ್ಷ್ಯ ಇರುವುದು ಜೀವಂತ ಹೋಲಿಕೆಯಲ್ಲಿ, ಭ್ರೂಣದಲ್ಲಿ, ಜೀನ್‌ಗಳಲ್ಲಿ.

ನಮ್ಮಲ್ಲಿನ ವಿರೋಧ

ಅಮೆರಿಕದ ಸೃಷ್ಟಿವಾದಿಗಳಲ್ಲಿ ಹಲವರು ಭೂಮಿಗೆ ಆರು ಸಾವಿರ ವರ್ಷ ಎಂದು ಹಟ ಹಿಡಿಯುತ್ತಾರೆ. ನಮ್ಮಲ್ಲಿ ಆ ತೊಡಕಿಲ್ಲ. ನಮ್ಮ ಯುಗಗಳ ಲೆಕ್ಕದಲ್ಲಿ ಕಾಲಕ್ಕೆ ಬರವಿಲ್ಲ. 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಮಹಾರಾಷ್ಟ್ರದ ಔರಂಗಾಬಾದ್‌ನಲ್ಲಿ, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ವಾದ ತಪ್ಪು, ಪಠ್ಯದಿಂದ ತೆಗೆಯಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಮರುವರ್ಷ ಜಲಂಧರ್‌ನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಕುಲಪತಿಯೊಬ್ಬರು ದಶಾವತಾರವೇ ಡಾರ್ವಿನ್ನನಿಗಿಂತ ಮೇಲಾದ ಸಿದ್ಧಾಂತ ಎಂದರು. ಮತ್ಸ್ಯ, ಕೂರ್ಮ, ವರಾಹ ಎಂಬ ಸಾಲು ಕೇಳಲು ಸೊಗಸಾಗಿದೆ. ಆದರೆ ಅವತಾರ ಧರ್ಮಸಂಸ್ಥಾಪನೆಗೆ. ಮೀನಿನ ಮಸೂರದಲ್ಲಿ ಯಾವ ಪ್ರೋಟೀನ್ ಏಕಿದೆ ಎಂಬುದನ್ನು ಹೇಳಲಿಕ್ಕಲ್ಲ. ಹಾಗೆ ಹೇಳಿಸಲು ಹೋದರೆ ಪುರಾಣಕ್ಕೂ ಅನ್ಯಾಯ. ಗೋವೆಯ, ಮಂಗಳೂರು ಮೂಲದ ಕ್ಯಾಥೋಲಿಕ್ ಮನೆಗಳಿಗೆ ನೆನಪಿಸಬೇಕಾದದ್ದು: ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದರು. ಭಕ್ತಿ ಬಿಟ್ಟರೆ ಮಾತ್ರ ಕಣ್ಣಿನ ವಿಕಾಸ ಒಪ್ಪಬಹುದು ಎಂಬ ಕಟ್ಟುಪಾಡು ಎಲ್ಲಿಯೂ ಇಲ್ಲ.

ಎರಡು ಪೀರಿಯಡ್‌ನಲ್ಲಿ

ಶಿಕ್ಷಕರು, ಮನೆಯ ಹಿರಿಯರು, ಕನ್ನಡ ಸಂಘಗಳಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುವವರು ಬಿಟ್ಟುಹೋದ ಪುಟಗಳನ್ನು ಎರಡು ಪೀರಿಯಡ್‌ನಲ್ಲಿ ತುಂಬಿಕೊಡಬಹುದು. ಮೀನು ಮುಟ್ಟದ ಮಕ್ಕಳಿರುವ ಕಡೆ ಪೆಟ್ಟಿಗೆಯ ಪ್ರಯೋಗ ಸಾಕು. 25 ಸೆಂ.ಮೀ. ಉದ್ದದ ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯ ಒಂದು ಕೊನೆ ಕತ್ತರಿಸಿ ಬೆಣ್ಣೆಕಾಗದ ಅಂಟಿಸಿ, ಎದುರು ಕೊನೆಯಲ್ಲಿ 1 ಸೆಂ.ಮೀ. ಅಗಲದ ತೂತು ಮಾಡಿ. ಕಿಟಕಿಯಾಚೆ ದೂರದ ಕಟ್ಟಡಕ್ಕೆ ಹಿಡಿದು, ತಲೆಗೂ ಪೆಟ್ಟಿಗೆಗೂ ಕಪ್ಪು ಬಟ್ಟೆ ಹೊದ್ದು ನೋಡಿದರೆ ಬೆಳಕಿನ ಮಬ್ಬು ಮಾತ್ರ. ತೂತಿಗೆ 1 ಮಿ.ಮೀ. ರಂಧ್ರದ ಕಾಗದ ಅಂಟಿಸಿದರೆ ಕಟ್ಟಡ ತಲೆಕೆಳಗಾಗಿ ಮೂಡುತ್ತದೆ, ಆದರೆ ತೀರಾ ಮಂಕು, ಇದು ನಾಟಿಲಸ್. ಕಾಗದ ತೆಗೆದು, 1 ಸೆಂ.ಮೀ. ತೂತಿನ ಮುಂದೆ ಮನೆಯಲ್ಲಿರುವ ಚಾಳೀಸಿನ ಕನ್ನಡಕಗಳನ್ನು ಒಂದೊಂದಾಗಿ ಹಿಡಿಯಿರಿ. +1 ಪವರ್‌ಗೆ ನಾಭಿದೂರ 1 ಮೀಟರ್, ಈ ಪೆಟ್ಟಿಗೆಗೆ ಪೂರಾ ತಪ್ಪಾದ ಮಸೂರ. ಆದರೂ ಮಸುಕು ಕಾಲುಭಾಗ ಇಳಿಯುತ್ತದೆ. +2ಕ್ಕೆ ಅರ್ಧ, +3ಕ್ಕೆ ಮುಕ್ಕಾಲು. +4ರ ನಾಭಿದೂರ 25 ಸೆಂ.ಮೀ., ಅಲ್ಲಿ ಕಟ್ಟಡದ ಕಿಟಕಿಗಳನ್ನು ಎಣಿಸಬಹುದು, ಬೆಳಕೂ ಕಡಿಮೆಯಾಗಿಲ್ಲ. ಅರ್ಧ ಮಸೂರದಿಂದ ಅರ್ಧ ಲಾಭ ಎಂಬುದನ್ನು ಮಕ್ಕಳು ಬೆಣ್ಣೆಕಾಗದದ ಮೇಲೆ ತಾವೇ ಅಳೆಯಲಿ.

ಕಿಟಕಿಗೆ ಬೆನ್ನು ಮಾಡಿ ಕೋಣೆಯೊಳಗಿನ ವಸ್ತು ನೋಡಿದರೆ ಈ ಅಳತೆ ಬರುವುದಿಲ್ಲ. ವಸ್ತು ಕನಿಷ್ಠ ಹತ್ತಾರು ಮೀಟರ್ ದೂರವಿರಬೇಕು. ಕನ್ನಡಕ ತೂತಿಗೆ ತಾಗುವಂತಿರಬೇಕು, ಬೈಫೋಕಲ್ ಆಗಿದ್ದರೆ ಕೆಳಭಾಗದ ಮೂಲಕ ನೋಡಬೇಕು. ಸೂರ್ಯನ ಕಡೆ ಹಿಡಿಯಲೇಬಾರದು. ಎರಡು ಕನ್ನಡಕ ಸೇರಿಸಿ +5 ಮಾಡಿದರೆ ಚಿತ್ರ ಮತ್ತೆ +3ರಷ್ಟೇ ಮಸುಕಾಗುತ್ತದೆ, ಏಕೆಂದರೆ ಈಗ ಬೆಳಕು ಕೂಡುವ ಜಾಗ ಬೆಣ್ಣೆಕಾಗದಕ್ಕಿಂತ 5 ಸೆಂ.ಮೀ. ಮುಂದೆಯೇ ಬಿದ್ದಿದೆ. ಪೆಟ್ಟಿಗೆಯನ್ನು ಅಷ್ಟು ಗಿಡ್ಡ ಮಾಡಿದರೆ ಮತ್ತೆ ಸ್ಪಷ್ಟ. ಮೈನಸ್ ಪವರ್‌ನವರ ಕಣ್ಣಿನಲ್ಲೂ ಆಗಿರುವುದು ಇದೇ: ಮಸೂರದ ಬಲಕ್ಕೆ ಹೋಲಿಸಿದರೆ ಕಣ್ಣುಗುಡ್ಡೆ ಉದ್ದವಾಗಿದೆ.